ಕನ್ನಪ್ಪಣ್ಣ ಹೇಳಿದ ದಾರಿ

‘ಗೊತ್ತಿಲ್ಲ’ ಎಂಬ ಮಾತನ್ನು ಕನ್ನಪ್ಪಣ್ಣನ ಬಾಯಿಂದ ಕೇಳಿದವರು ಹೊಸನಗರ ಸೀಮೆಯಲ್ಲಿ ಯಾರೂ ಇರಲಿಲ್ಲ. ಗದ್ದೆಯನ್ನು ಮಗನಿಗೆ ಒಪ್ಪಿಸಿ, ಕ್ರಾಸಿನ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ, ದಾರಿ ಹೇಳುವ ಹುದ್ದೆಗೆ ಅವರು ತಮ್ಮನ್ನು ತಾವೇ ನೇಮಿಸಿಕೊಂಡಿದ್ದರು. ಸಂಬಳವಿಲ್ಲ, ನಿವೃತ್ತಿಯೂ ಇಲ್ಲ. ಶಾಲೆ ಮುಗಿಸಿ ಸಾಗರದ ಬಸ್ಸಿಗೆ ಕಾಯುವ ಮೇಷ್ಟ್ರಾದ ನಾನು ಅವರ ಕಾಯಂ ಸಭಿಕ.

“ದಾರಿ ಕೇಳಿದೋರು ಬಾಯಾರಿ ಬಂದೋರಿದ್ದಂಗೆ ಮೇಷ್ಟ್ರೇ. ಇಲ್ಲ ಅನ್ಬಾರ್ದು.”

ಒಮ್ಮೆ ಚಾರಣದವರಿಗೆ “ಗುಡ್ಡ ಇಳಿದ್ರೆ ಬಂತು” ಎಂದು ಹೇಳಿ ಕಳಿಸಿದರು.

“ಅಲ್ಲಿ ಎರಡು ಗುಡ್ಡ ಇವೆಯಲ್ಲ?” ಎಂದೆ.

“ಎರಡನೇದು ಹೋದ್ಮೇಲೆ ಕಾಣ್ತದೆ ಮಾರಾಯ್ರೆ, ಈಗ್ಲೇ ಯಾಕೆ ಹೆದ್ರಿಸ್ಬೇಕು?”

ಅವರು ಹೇಳಿದ ದಿಕ್ಕನ್ನು ನಂಬಬೇಕು, ದೂರವನ್ನು ನಂಬಬಾರದು ಎಂದು ನಾನೊಂದು ಶಾಸ್ತ್ರ ರಚಿಸಿಕೊಂಡೆ. ಶಾಸ್ತ್ರ ಸಾಲಲಿಲ್ಲ.

ಅದೊಂದು ಆಷಾಢದಲ್ಲಿ ದಾವಣಗೆರೆಯ ಗಂಡಹೆಂಡತಿ ಹಳ್ಳದಾಚೆ ಬಂಡೆಯಿಂದ ಧುಮುಕುವ ಅಬ್ಬಿ ನೋಡಲು ಬಂದವರು, ಹಳ್ಳ ದಾಟಬಹುದೇ ಎಂದು ಕೇಳಿದರು. “ಸಂಕ ಹಾಕಿರ್ತಾರೆ, ಆರಾಮಾಗಿ ಹೋಗಿ” ಎಂದರು ಕನ್ನಪ್ಪಣ್ಣ. ಮಳೆ ಹಿಡಿಯುವ ಮುಂಚೆ ಊರವರು ಸೇರಿ ಹಳ್ಳಕ್ಕೆ ಅಡ್ಡ ಮರದ ದಿಮ್ಮಿ ಹಾಸುವುದು ವಾಡಿಕೆ, ಅದೇ ಸಂಕ. ಆ ವರ್ಷ ಆಚೆ ದಡಕ್ಕೆ ಬೇರೆ ಕಡೆಯಿಂದ ಟಾರು ರಸ್ತೆ ಬಂದದ್ದರಿಂದ ಯಾರೂ ಹೊಸದು ಹಾಕಿರಲಿಲ್ಲ. ಹಳೆಯ ದಿಮ್ಮಿ ಗಂಡನ ಕಾಲಡಿ ಮುರಿಯಿತು. ಕೊಚ್ಚಿಹೋದವನು ಬಿದಿರುಹಿಂಡಿಗೆ ಸಿಕ್ಕಿ ಬದುಕಿದ, ಸೊಂಟ ಮುರಿದಿತ್ತು.

ಕ್ರಾಸಿನಲ್ಲಿ ಅವನನ್ನು ಆಂಬುಲೆನ್ಸಿಗೆ ಹತ್ತಿಸುವಾಗ ಆ ಹೆಂಗಸು ಬೈಯಲಿಲ್ಲ. “ಅಜ್ಜಾರೆ, ಸಂಕ ಇರೋದು ನೀವು ಕಣ್ಣಾರೆ ನೋಡಿದ್ರೇನ್ರಿ?” ಎಂದಳು ಅಷ್ಟೆ.

ಆಮೇಲೆ ಕನ್ನಪ್ಪಣ್ಣ ನೋಡದೆ ಹೇಳುವುದನ್ನು ಬಿಟ್ಟರು. ಯಾರೇ ಕೇಳಲಿ, “ಇರಿ, ನೋಡ್ಕಂಡು ಬರ್ತೀನಿ” ಎಂದು ಕೊಡೆ ಬಿಚ್ಚಿ ಹೊರಡುವರು. ಕೇಳಿದವರು ಕಾಯುವುದುಂಟೆ?

“ಮಂಡಿನೋವು ಇಟ್ಕೊಂಡು ಎಷ್ಟೂಂತ ಅಲೀತೀರಿ? ಗೊತ್ತಿಲ್ಲ ಅಂದ್ಬಿಡಿ” ಎಂದೆ.

“ಅಂದ್ರೆ ನಿಲ್ತಾರಾ? ಇನ್ಯಾರನ್ನೋ ಕೇಳ್ತಾರೆ. ಅವ್ನೂ ನನ್ನಂಥೋನೇ ಆದ್ರೆ?”

ಅವರನ್ನು ಕೊನೆಯ ಸಲ ಕಂಡದ್ದು ಕಳೆದ ಮಳೆಗಾಲದಲ್ಲಿ, ಕೆಲವು ಹುಡುಗರು ಅಬ್ಬಿಗೆ ದಾರಿ ಕೇಳಿದ ದಿನ. ಹಳ್ಳ ನೋಡಿಕೊಂಡು ತೊಯ್ದು ಬಂದು, “ಉಕ್ಕಿದೆ, ಬೇಡ ಅನ್ನಿ. ಎಲ್ಲಿ ಅವ್ರು?” ಎಂದರು. ಬೈಕಿನವನೊಬ್ಬ ತೋರಿಸಿದ, ಅದೇ ಹಳ್ಳಕ್ಕೆ ಇಳಿಯುವ ಇನ್ನೊಂದು ಕಾಲುದಾರಿಯಲ್ಲಿ ಹುಡುಗರು ಆಗಲೇ ಹೊರಟುಹೋಗಿದ್ದರು. ಹೇಳಿದೆ. ಕನ್ನಪ್ಪಣ್ಣ ಕೂರದೆ ಅತ್ತಲೇ ನಡೆದರು.

ಅಡ್ಡ ನಿಂತು ತಡೆದರಂತೆ. ಹುಡುಗರು ಬೈದುಕೊಂಡೇ ವಾಪಸಾದರಂತೆ. ಅಂದು ಹಿಡಿದ ಜ್ವರದಿಂದ ಕನ್ನಪ್ಪಣ್ಣ ಏಳಲಿಲ್ಲ.

ಈಗ ಆ ಬೆಂಚಿನ ಮೇಲೆ ನಾನೊಬ್ಬನೇ. ಕಾರು ನಿಲ್ಲಿಸಿ ಕೇಳುತ್ತಾರೆ. “ತಡೀರಿ, ನೋಡ್ಕೊಂಡು ಬರ್ತೀನಿ” ಎಂದು ಏಳುವಷ್ಟರಲ್ಲಿ ನನ್ನ ಬಸ್ಸು ಬರುತ್ತದೆ.