ಶ್ರಾವಣದಲ್ಲಿ ಬಿಟ್ಟ ಗುಳಿಗೆ

ಕುತ್ತಿಗೆಯ ಗಂಟು ತೆಗೆಸಿ ಆರು ವರ್ಷವಾಯಿತು. ಅದರ ಹಿಂದೆ ಜೋಳದ ಕಾಳಿನಂಥ ನಾಲ್ಕು ಗ್ರಂಥಿ ಇರುತ್ತವಂತೆ, ಮೈಯೊಳಗಿನ ಸುಣ್ಣ, ಅಂದರೆ ಕ್ಯಾಲ್ಸಿಯಂ, ನೋಡಿಕೊಳ್ಳುವುದು ಅವುಗಳ ಕೆಲಸವಂತೆ. ಗಂಟಿನ ಜೊತೆ ಅವೂ ಹೋದವು. ಅವು ಇದ್ದವು ಅನ್ನುವುದೇ ನನಗೆ ಹೋದ ಮೇಲೆ ಗೊತ್ತಾಯಿತು. ಅಂದಿನಿಂದ ದಿನಕ್ಕೆ ಮೂರು ಸಲ ಸುಣ್ಣದ ದಪ್ಪ ಬಿಳಿ ಗುಳಿಗೆ, ಎರಡು ಸಲ ಎಣ್ಣೆ ತುಂಬಿದ ಸಣ್ಣ ಮೆತ್ತನೆಯ ಗುಳಿಗೆ. ಸಾಯುವ ತನಕ. ಎಷ್ಟು ದಿನ ಎಂದು ಕೇಳುವುದನ್ನು ಬಿಟ್ಟಿದ್ದೇನೆ.

ಹೋದ ವರ್ಷ ಶ್ರಾವಣ ಹಿಡಿಯುವ ಮುಂಚೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ಬಂದು ಕುಳಿತಳು. ಸಣ್ಣ ಗುಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದಳು.

“ಇದರ ಸಿಪ್ಪಿ ದನದ ಎಲುಬಿಂದ ಮಾಡ್ತಾರಂತ, ಅಕ್ಕಾ. ಕೊಳ್ಳಾಗ ಲಿಂಗ ಕಟ್ಟಿಕೊಂಡು ಇದನ್ನ ನುಂಗ್ತೀಯಲ್ಲ.”

ಮೊಬೈಲಿನಲ್ಲಿ ಕೇಳಿದ್ದಳಂತೆ. ಅವಳ ಮಾತಿಗೆ ನಾನು ಬೆಲೆ ಕೊಡುವವಳಲ್ಲ, ಆದರೂ ಅದು ಗಂಟಲಲ್ಲಿ ಕುಳಿತುಬಿಟ್ಟಿತು. ಶ್ರಾವಣ ಒಂದು ತಿಂಗಳು ಸಣ್ಣದನ್ನು ಬಿಟ್ಟರಾಯಿತು ಎಂದುಕೊಂಡೆ. ಕಡಿಮೆಯಾದದ್ದು ಸುಣ್ಣ, ಬಿಳಿ ಗುಳಿಗೆಯೂ ಸುಣ್ಣ. ಸಣ್ಣದು ಬರೀ ಶಕ್ತಿಗೆ ಇರಬೇಕು ಎಂಬುದು ನನ್ನ ಲೆಕ್ಕ. ಸೊಸೆಗೆ ಹೇಳಲಿಲ್ಲ.

ವಾರದೊಳಗೆ ತುಟಿಯ ಸುತ್ತ ಇರುವೆ ಹರಿದಂತಾಯಿತು, ಬೆರಳ ತುದಿ ಜುಮುಗುಟ್ಟತೊಡಗಿತು. ಹೊಲದಲ್ಲಿ ಹೆಸರುಕಾಯಿ ಬಿಡಿಸಿದ ದಣಿವು ಎಂದು ಸುಮ್ಮನಿದ್ದೆ.

ಎರಡನೆಯ ಸೋಮವಾರ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕುಳಿತಿದ್ದೆ. ಪತ್ರಿ ಏರಿಸುತ್ತಿದ್ದಂತೆ ಕೈ ತಾನೇ ಮುಚ್ಚತೊಡಗಿತು. ಬಳೆ ಇಡಿಸಿಕೊಳ್ಳುವಾಗ ಕೈ ಕಿರಿದು ಮಾಡಿ ಕೊಡುತ್ತೇವಲ್ಲ, ಹಾಗೆ ಬೆರಳೆಲ್ಲ ಒಂದಕ್ಕೊಂದು ಅಂಟಿ ಸೆಟೆದವು, ಹೆಬ್ಬೆರಳು ಒಳಗೆ ಮಡಚಿತು. ಲಿಂಗ ಒಳಗೇ ಉಳಿಯಿತು. ಬಿಡಿಸೋಣವೆಂದರೆ ಬಲಗೈಯೂ ಹಾಗೇ ಆಯಿತು. ಕೂಗಿದೆ. ಸೊಸೆ ಬಂದು ಒಂದೊಂದೇ ಬೆರಳು ಹಿಡಿದು ಸರಿಸಿ ಲಿಂಗ ತೆಗೆದು ಕೊರಳಿಗೆ ಕಟ್ಟಿದಳು.

“ಗುಳಿಗಿ ತಗೊಂಡೀರಿಲ್ಲೊ?”

“ಬಿಳೀದು ತಗೊಂಡೀನಿ.”

“ಸಣ್ಣದು?”

“ಅದರ ಸಿಪ್ಪಿ ಎಲುಬಿಂದಂತ. ಶ್ರಾವಣಕ್ಕ ಬಿಟ್ಟೀನಿ.”

“ಮಡಿ ಮಾಡಾಕ ಹೋಗಿ ಹೆಣ ಆಗ್ತಿದ್ರಲ್ರಿ ಅತ್ತಿ,” ಎಂದಳು. ಟಂಟಂ ಆಟೋ ಹಿಡಿದು ನವಲಗುಂದಕ್ಕೆ ಕರೆದೊಯ್ದಳು.

ಆಸ್ಪತ್ರೆಯಲ್ಲಿ ನರಕ್ಕೆ ಸೂಜಿ ಚುಚ್ಚಿ ಸುಣ್ಣದ ಔಷಧಿಯನ್ನು ಬಲು ಸಾವಕಾಶ ಬಿಟ್ಟರು. ಮೈಯೆಲ್ಲ ಬಿಸಿ ಏರಿತು, ಬೆರಳುಗಳು ಸಡಿಲಾದವು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ಕೇಳಿ ಬೈಯಲಿಲ್ಲ.

“ಅಜ್ಜಿ, ಬಿಳೀದು ತಿಂದ್ರ ಸುಣ್ಣ ಹೊಟ್ಟಿಗೆ ಹೋಗ್ತೈತಿ ಅಷ್ಟ. ಅದನ್ನ ರಕ್ತಕ್ಕ ಸೇರಸೂದು ಈ ಸಣ್ಣದು.”

ಸಿಪ್ಪೆಯ ವಿಷಯ ನಾನೇ ಕೇಳಿದೆ. ಸುಳ್ಳು ಹೇಳಲಿಲ್ಲ ಅವಳು. ಬಹಳಷ್ಟು ಸಿಪ್ಪೆ ಎಲುಬಿನಿಂದಲೇ ಮಾಡುತ್ತಾರೆ, ಬೇರೆ ಸಿಪ್ಪೆಯದು ಸಿಕ್ಕರೆ ಬರೆದುಕೊಡುತ್ತೇನೆ, ಅಲ್ಲಿಯ ತನಕ ಬಿಡಬೇಡಿ ಎಂದಳು. ಸೊಸೆ ನಾಲ್ಕು ಅಂಗಡಿ ಕೇಳಿ ಬಂದಳು. ಸಿಗಲಿಲ್ಲ.

ನೆಗೆಣ್ಣಿ ನೋಡಲು ಬಂದಾಗ ಮತ್ತೆ ತಿನ್ನುತ್ತೀಯೇನು ಎಂದು ಕೇಳಿದಳು.

“ತಿಂತೀನಿ. ಅಂಗೈ ಬಿಚ್ಚಲಿಲ್ಲಂದ್ರ ಲಿಂಗ ಎಲ್ಲಿ ಇಟಗೊಳ್ಳಲಿ, ನಿನ್ನ ಕೈಯಾಗ?”

ಆ ಶ್ರಾವಣ ಮುಗಿಯುವ ತನಕ ನಮ್ಮ ಮನೆಯ ನೀರು ಮುಟ್ಟಲಿಲ್ಲ ಅವಳು. ಆಮೇಲೆ ಮಜ್ಜಿಗೆ ಕೇಳಿಕೊಂಡು ಬಂದಳು, ಕೊಟ್ಟೆ. ಯಾರದು ಸರಿ ಎಂದು ವಿಚಾರ ಮಾಡುವ ತ್ರಾಣ ನನಗಿಲ್ಲ. ಈ ಶ್ರಾವಣದಲ್ಲೂ ದಿನಾ ಗುಳಿಗೆ ನುಂಗಿ, ಬಾಯಿ ಮುಕ್ಕಳಿಸಿ ಪೂಜೆಗೆ ಕುಳಿತೆ.