ಯಂತ್ರದೊಳಗಿನ ಕುಂಕುಮ

ಮುಚ್ಚಳ ತೆಗೆದು ನೋಡಿದರೆ ನನ್ನ ಯಂತ್ರದ ಒಳಗೋಡೆಯ ಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮದ ಸ್ವಸ್ತಿಕ.

ನಮ್ಮ ಮೈಸೂರಿನಲ್ಲಿ ಆಯುಧಪೂಜೆಗೆ ಬಸ್ಸಿನ ಮೂತಿಗೆ ಬೊಟ್ಟಿಡುತ್ತೇವೆ. ನಾನೀಗ ಕೆಲಸ ಮಾಡುವ ಬೆಳಗಾವಿಯಲ್ಲಿ ಅದೇ ಹಬ್ಬ ಖಂಡೇನವಮಿ. ಖಾನಾಪುರದಿಂದ ದಿನಾ ರೈಲಿನಲ್ಲಿ ಬರುವ ಮಾರುತಿ ನಮ್ಮ ಕಾಲೇಜು ಪ್ರಯೋಗಶಾಲೆಯ ಮೆಕ್ಯಾನಿಕ್. ತಿಜೋರಿಯ ಒಳಗೆ ಬರೆಯುವಂತೆ ಇದಕ್ಕೂ ಬರೆದುಬಿಟ್ಟಿದ್ದರು.

"ಕೆಲಸ ಎಲ್ಲಾ ಒಳಗ ನಡೀತೈತಲ್ರೀ ಮೇಡಂ. ಹೊರಗ ಹಚ್ಚಿದ್ರ ಏನ್ ಉಪಯೋಗ?" ಅಂದರು.

ನನಗೆ ಮೈಯೆಲ್ಲ ಉರಿಯಿತು. ಉದ್ಯಮಬಾಗದ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕಿಸಿದ ಆ ಉಕ್ಕಿನ ಪೀಪಾಯಿಯ ಗಾಳಿಯನ್ನೆಲ್ಲ ಪಂಪಿನಿಂದ ಎಳೆದು, ಚೂರೇ ಚೂರು ಆರ್ಗಾನ್ ಅನಿಲ ಬಿಟ್ಟು, ವಿದ್ಯುತ್ತು ಹಾಯಿಸಿ ಹೊಳೆಯಿಸಬೇಕು. ಹಾಗೆ ಹೊಳೆಯುವ ಅನಿಲವೇ ಪ್ಲಾಸ್ಮಾ. ಅದರೊಳಕ್ಕೆ, ತನ್ನದೇ ಕಾಂತಕ್ಷೇತ್ರ ಹೊತ್ತ ಇನ್ನೊಂದು ಪ್ಲಾಸ್ಮಾದ ಉಂಡೆಯನ್ನು ಹಾರಿಸುವುದು ನನ್ನ ಪ್ರಯೋಗ. ಬಂದದ್ದು ತನ್ನತನ ಉಳಿಸಿಕೊಳ್ಳುತ್ತದೋ, ಕರಗಿಹೋಗುತ್ತದೋ? ಎಣ್ಣೆಯ ಪಸೆಯಿದ್ದರೆ ಅದು ಆವಿಯಾಗಿ ಒಳಗಿನ ಖಾಲಿತನವೇ ಕೆಡುತ್ತದೆ.

ದೀಪಾವಳಿಯೊಳಗೆ ನಾನು ಮೈಸೂರಿನ ಕಾಲೇಜೊಂದಕ್ಕೆ ಉತ್ತರ ಹೇಳಬೇಕಿತ್ತು. ಅಲ್ಲಿ ಕೆಲಸ ಕಾದಿತ್ತು, ಅಮ್ಮ ಕಾದಿದ್ದಳು. ಈ ಯಂತ್ರ ಮಾತ್ರ ಇರಲಿಲ್ಲ. ಪ್ರಯೋಗ ಫಲಿಸದಿದ್ದರೆ ಹೊರಟೇಬಿಡುವುದೆಂದು ನಿಶ್ಚಯಿಸಿದ್ದೆ.

ಅನಗೋಳದ ನನ್ನ ಬಾಡಿಗೆಮನೆಯ ಯಜಮಾನಿಯನ್ನು ಓಣಿಯವರಂತೆ ನಾನೂ ಕಾಕೂ ಅನ್ನುತ್ತಿದ್ದೆ, ಚಿಕ್ಕಮ್ಮ ಎಂದರ್ಥ. ಮುದ್ದೆ ನುಂಗಿ ಬೆಳೆದ ನನಗೆ ಅವರ ಜೋಳದ ರೊಟ್ಟಿ ಅಗಿಯುವುದೇ ಮೊದಲು ಒಂದು ಕೆಲಸವಾಗಿತ್ತು. ನನ್ನ ಸಿಟ್ಟನ್ನೆಲ್ಲ ಕೇಳಿಸಿಕೊಂಡು ಅವರು, "ತಿಕ್ಕಿ ತೊಳದ್ರ ಹೋಗತೈತಿ ತಂಗಿ. ಮೊದ್ಲ ಉಣ್ಣು" ಅಂದರು.

ನಾನೂ ಮಾರುತಿಯೂ ಸ್ಪಿರಿಟ್ ಹಾಕಿ ತಿಕ್ಕಿದೆವು, ಮತ್ತೆ ತಿಕ್ಕಿದೆವು. ಕೊನೆಗೊಂದು ಮಧ್ಯಾಹ್ನ, ಕರೆಂಟೂ ಕೈಕೊಡದೆ, ಗಾಜಿನ ಕಿಂಡಿಯಲ್ಲಿ ನೇರಳೆ ಬೆಳಕು ನಿಂತಿತು. ಮುಂಜಾವಿನ ಮಂಜಿನೊಳಗೆ ಯಾರೋ ದೀಪ ಹಿಡಿದು ನಿಂತಂತೆ. ಉಂಡೆ ಹಾರಿಸಿದೆ. ಕಣ್ಣಿಗೆ ಕಂಡದ್ದು ಬರೀ ಒಂದು ಮಿಂಚು. ಉಳಿದ ಕಥೆಯನ್ನು ಒಳಗಿಟ್ಟ ಪುಟ್ಟ ತಂತಿಸುರುಳಿ ಪರದೆಯ ಮೇಲೆ ಗೆರೆಯಾಗಿ ಹೇಳಿತು. ಉಂಡೆ ತನ್ನ ಕ್ಷೇತ್ರವನ್ನು ಬಿಗಿಹಿಡಿದೇ ನುಗ್ಗಿತು, ಸುತ್ತಲಿನ ಪ್ಲಾಸ್ಮಾವನ್ನು ಒತ್ತಿತು, ಆಮೇಲೆ ಅಂಚಿನಲ್ಲಿ ಎರಡೂ ಬೆಸೆದುಕೊಂಡವು. ಆ ಗೆರೆಯನ್ನೇ ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ.

ಸಂಜೆ ಗೇಟಿನೆದುರಿನ ಎಸ್‌ಟಿಡಿ ಬೂತಿನಿಂದ ಮನೆಗೆ ಫೋನ್ ಮಾಡಿ, ಬರುವುದಿಲ್ಲ ಎಂದೆ.

"ಸರಿ ಕಣೇ," ಅಂದಳು ಅಮ್ಮ. ಫೋನ್ ಇಟ್ಟಳು.

ಗೆದ್ದ ದಿನವೇ ಅಳು ಉಕ್ಕಿ ಬಂತು. ಎಲ್ಲಿಗೆ ಹೋಗಿ ಅಳಬೇಕೆಂದು ತಿಳಿಯದೆ ಬೂತಿನ ಮೆಟ್ಟಿಲಲ್ಲೇ ಕೂತೆ. ರೈಲಿಗೆ ಹೊರಟಿದ್ದ ಮಾರುತಿ ಕಂಡು ನಿಂತರು.

"ನಾಳೆ ಪಂಪ್ ಎಷ್ಟಕ್ಕ ಚಾಲೂ ಮಾಡೂಣ್ರಿ ಮೇಡಂ?" ಅಂದರು.