ಒಳಾರ್ಥದ ಮೇಷ್ಟ್ರು

ನಮ್ಮ ಕಾಲೇಜಿನ ಸಾಹಿತ್ಯದ ಮೇಷ್ಟ್ರಿಗೆ ನಾವಿಟ್ಟಿದ್ದ ಹೆಸರು ಒಳಾರ್ಥದ ಮೇಷ್ಟ್ರು. ಅವರ ಪಾಠದಲ್ಲಿ ಮಳೆ ಬರೀ ಮಳೆಯಾಗಿ ಸುರಿದದ್ದನ್ನು ನಾನಂತೂ ಕಂಡಿಲ್ಲ. ಹಳೆಯ ಕಾವ್ಯದಲ್ಲಿ ಸುರಿದರೆ ಅದು ಕರುಣೆ, ಹೊಸ ಕಾದಂಬರಿಯಲ್ಲಿ ಸುರಿದರೆ ಅನಾಥಪ್ರಜ್ಞೆ. ಕತೆಯೊಳಗೆ ನಾಯಿ ಬಂದರೆ ಅದು ಆತ್ಮಸಾಕ್ಷಿ, ಕುಂಟುನಾಯಿ ಬಂದರಂತೂ ಎರಡು ದಿನದ ಪಾಠ. "ಕಣ್ಣಿಗೆ ಕಂಡದ್ದನ್ನೇ ನಂಬೋನು ಓದುಗನೇ ಅಲ್ಲ, ದಾರಿಹೋಕ!" ಎಂದು ಮೇಜು ಗುದ್ದುತ್ತಿದ್ದರು; ಕಾಲು ಸಡಿಲಾದ ಆ ಮೇಜು ಅಲುಗಾಡಿದರೆ ಅದನ್ನೂ ವ್ಯವಸ್ಥೆಯ ತಲೆಗೆ ಕಟ್ಟುತ್ತಿದ್ದರು. ಮನೆಯಲ್ಲೂ ಅದೇ ಕತೆ. ಅಡುಗೆಮನೆಯ ನಲ್ಲಿ ಆರು ತಿಂಗಳಿಂದ ತೊಟ್ಟಿಕ್ಕುತ್ತಿತ್ತು. "ಕಾಲ ಸೋರಿಹೋಗ್ತಿದೆ ಕಣೇ" ಎಂದು ಇವರು ನಿಟ್ಟುಸಿರಿಟ್ಟರೆ, "ಕಾಲ ಆಮೇಲೆ ಸೋರಲಿ, ಮೊದಲು ಒಂದು ವಾಷರ್ ತಂದು ಹಾಕ್ರೀ" ಎನ್ನುತ್ತಿದ್ದರು ಅವರ ಹೆಂಡತಿ. ಆಕೆ ಕೆಮ್ಮಿದರೂ ಮೇಷ್ಟ್ರಿಗೆ ಅದರಲ್ಲಿ ಹೆಣ್ಣು ಅದುಮಿಟ್ಟ ಮಾತು ಕೇಳಿಸುತ್ತಿತ್ತು. ಆ ಬಗ್ಗೆ ಒಂದು ಉದ್ದನೆಯ ಲೇಖನವನ್ನೂ ಬರೆದರು. ಲೇಖನ ಅಚ್ಚಾದ ಮೇಲೂ ಕೆಮ್ಮು ನಿಲ್ಲದ್ದರಿಂದ, ಹಳೆಯ ಶಿಷ್ಯನೂ ಪಕ್ಕದ ಮನೆಯವನೂ ಆದ ನಾನೇ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಶ್ವಾಸಕೋಶದ ಮೂಲೆಯಲ್ಲಿದ್ದ ಬಿಳಿ ಚುಕ್ಕೆಯ ಮೇಲೆ ಪೆನ್ನಿನ ತುದಿಯಿಟ್ಟು ತೋರಿಸಿದರು. ಪೂರ್ಣವಿರಾಮದಲ್ಲೂ ಒಂದು ಪ್ರಪಂಚವನ್ನೇ ಕಾಣುತ್ತಿದ್ದ ನಮ್ಮ ಮೇಷ್ಟ್ರು ಹೆಂಡತಿಯ ಕೈ ಹಿಡಿದುಕೊಂಡು, "ಅದು ಬರೀ ಚುಕ್ಕೆ ಅಲ್ವಾ ಡಾಕ್ಟ್ರೇ? ಅದಕ್ಕೆ ಏನೂ ಅರ್ಥ ಇಲ್ಲ ಅಂತ ಹೇಳಿ" ಎಂದರು.